ತೂಕ ಇಳಿಸೋ ಆಪರೇಷನ್ ಯಾರಿಗೆ ಸರಿ, ಯಾರಿಗೆ ಈಗ ಬೇಡ? ಮಂಡ್ಯ, ಮೈಸೂರು ಕಡೆಯವರು ದಯವಿಟ್ಟು ಹೇಳಿ

ಮಂಡ್ಯ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಮಂಡ್ಯದ ಹತ್ತಿರ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಎತ್ತರ 156 ಸೆಂಟಿಮೀಟರ್, ತೂಕ 92 ಕೆಜಿ. ಶುಗರ್ ಬಂದು ನಾಲ್ಕು ವರ್ಷ ಆಯಿತು. ಎರಡು ತರದ ಮಾತ್ರೆ ನುಂಗಿದರೂ ಮೂರು ತಿಂಗಳ ಸರಾಸರಿ ಶುಗರ್ (HbA1c ಪರೀಕ್ಷೆ) 9.1 ಬಂದಿದೆ. ಪಿಸಿಒಡಿ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದೆ, ಅದಕ್ಕೂ ಮಾತ್ರೆ ನಡೆಯುತ್ತಿದೆ. ಮೊಣಕಾಲು ನೋವು. ರಾತ್ರಿ ಗೊರಕೆ ಎಷ್ಟು ಅಂದರೆ ಮಗಳು ಎದ್ದು ಅಜ್ಜಿ ಹತ್ತಿರ ಹೋಗಿ ಮಲಗುತ್ತಾಳೆ.

ಮೈಸೂರಿನಲ್ಲಿ ಎರಡು ಕಡೆ ತೋರಿಸಿದೆ. ಒಂದು ಕಡೆ ತೂಕ ನೋಡಿ ಹತ್ತು ನಿಮಿಷಕ್ಕೇ "ಮುಂದಿನ ವಾರ ಅಡ್ಮಿಟ್ ಆಗಿ, ಅಡ್ವಾನ್ಸ್ ಕಟ್ಟಿ ಹೋಗಿ" ಅಂದರು. ಒಂದು ಪರೀಕ್ಷೆಯನ್ನೂ ಬರೆಯಲಿಲ್ಲ. ಇನ್ನೊಂದು ಕಡೆ "ಈ ವಯಸ್ಸಿಗೆ ಇದೆಲ್ಲ ಯಾಕಮ್ಮ, ಬಾಯಿ ಕಟ್ಟಿ, ನಡೀರಿ" ಅಂದರು. ಹನ್ನೆರಡು ವರ್ಷದಿಂದ ಬಾಯಿ ಕಟ್ಟುತ್ತಲೇ ಇದ್ದೇನೆ. 11 ಕೆಜಿ ಇಳಿಸಿದ್ದೆ, 14 ಕೆಜಿ ಏರಿತು. ಮತ್ತೆ ಇಳಿಸಿದೆ, ಮತ್ತೆ ಏರಿತು. ವಾಪಸ್ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಕಣ್ಣೀರು ನಿಲ್ಲಲಿಲ್ಲ.

ಯಜಮಾನರು ಒಪ್ಪಿದ್ದಾರೆ. ಅತ್ತೆಗೆ ತುಂಬಾ ಭಯ. ನನಗೆ ಇನ್ನೊಂದು ಮಗು ಬೇಕು ಅನ್ನೋ ಆಸೆಯೂ ಇದೆ. ನಾನು ಈ ಆಪರೇಷನ್‌ಗೆ ತಕ್ಕವಳಾ, ಅಲ್ವಾ? ಇದನ್ನು ಯಾರು, ಏನು ನೋಡಿ ತೀರ್ಮಾನ ಮಾಡಬೇಕು?

ಮೈಸೂರು ಸರ್ಜನ್

ಅಮ್ಮ, ನೀವು ಕೇಳಿದ ಕೊನೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನಾನು ಇದೇ ಕೆಲಸದಲ್ಲಿದ್ದೇನೆ. ನಿಮ್ಮನ್ನು ಕಣ್ಣಾರೆ ನೋಡದೆ ಮಾಡಿ, ಬೇಡ ಅಂತ ಹೇಳಲಾರೆ. ಆದರೆ ಹೇಗೆ ಯೋಚಿಸುತ್ತೇವೆ ಅಂತ ಹೇಳಬಲ್ಲೆ.

ಮೊದಲು ಲೆಕ್ಕ. 92ನ್ನು 1.56ರಿಂದ ಭಾಗಿಸಿ. ಬಂದದ್ದನ್ನು ಮತ್ತೆ 1.56ರಿಂದ ಭಾಗಿಸಿ. 37.8 ಬರುತ್ತದೆ. ಅದು ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಜಾಸ್ತಿ ಅಂತ ತೋರಿಸುವ ಅಂಕಿ. 1991ರಲ್ಲಿ ಅಮೆರಿಕದಲ್ಲಿ ತಜ್ಞರು ಕೂತು ಒಂದು ಗೆರೆ ಹಾಕಿದರು. ಬಿಎಂಐ 40 ಇರಬೇಕು, ಇಲ್ಲದಿದ್ದರೆ 35ರ ಜೊತೆಗೆ ಶುಗರ್‌ನಂಥ ಕಾಯಿಲೆ ಇರಬೇಕು ಅಂತ. ಮೂವತ್ತು ವರ್ಷ ಎಲ್ಲ ಕಡೆ ಅದೇ ಗೆರೆ ನಡೆಯಿತು. 2022ರಲ್ಲಿ ಅಮೆರಿಕದ ಸರ್ಜನ್‌ಗಳ ಸಂಘ ಮತ್ತು ಅಂತರರಾಷ್ಟ್ರೀಯ ಸಂಘ ಸೇರಿ ಅದನ್ನು ಕೆಳಗಿಳಿಸಿದವು. ಈಗ 35 ಇದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಸೂಚಿಸಬಹುದು. 30ರ ಮೇಲಿದ್ದು ಶುಗರ್ ಇದ್ದರೂ ಸೂಚಿಸಬಹುದು. ಏಷ್ಯಾದವರಿಗೆ ಗೆರೆ ಇನ್ನೂ ಕೆಳಗೆ, 27.5ರಿಂದಲೇ ಯೋಚಿಸಬಹುದು ಅಂತಾರೆ. ಕಾರಣ ಇದೆ. ಅಷ್ಟೇ ತೂಕದ ಬಿಳಿಯರಿಗಿಂತ ನಮ್ಮವರಿಗೆ ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ ಕೂರುತ್ತದೆ, ಶುಗರ್ ಬೇಗ ಬರುತ್ತದೆ. ಅದಕ್ಕೇ ನಮ್ಮಲ್ಲಿ ಸೊಂಟದ ಅಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರ ಅನ್ನೋದು.

ಅಂಕಿ ಪ್ರಕಾರ ನೀವು ಗೆರೆಯ ಒಳಗಿದ್ದೀರಿ. ಆದರೆ ಅಂಕಿ ನಿಮ್ಮನ್ನು ಬಾಗಿಲವರೆಗೆ ತರುತ್ತದೆ, ಅಷ್ಟೆ. ಅಲ್ಲಿಂದ ಒಳಗೆ ಬಿಡುವ ಮುಂಚೆ ನಾವು ನೋಡಬೇಕಾದ್ದು ತುಂಬಾ ಇದೆ. ಹತ್ತು ನಿಮಿಷದಲ್ಲಿ ದಿನ ಗೊತ್ತು ಮಾಡಿದ ಕಡೆಗೆ ಮತ್ತೆ ಹೋಗಬೇಡಿ. ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಬಿಟ್ಟು ನೋಡುವುದು) ಮಾಡದೆ ನಿಮ್ಮ ಹೊಟ್ಟೆಚೀಲಕ್ಕೆ ಯಾರೂ ಕೈ ಹಾಕಬಾರದು.

ಯಾಕೆ ಹೇಳುತ್ತೇನೆ ಕೇಳಿ. ಜಾಸ್ತಿ ನಡೆಯುವುದು ಎರಡು ತರದ ಆಪರೇಷನ್. ಸ್ಲೀವ್‌ನಲ್ಲಿ ಹೊಟ್ಟೆಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತೇವೆ. ತೆಗೆದದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಬೈಪಾಸ್‌ನಲ್ಲಿ ಮೇಲ್ಗಡೆ ಒಂದು ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ತಂದು ಸೇರಿಸುತ್ತೇವೆ. ಎದೆಯುರಿ, ಹುಳಿತೇಗು ಜಾಸ್ತಿ ಇರುವವರಿಗೆ ಸ್ಲೀವ್ ಮಾಡಿದರೆ ಉರಿ ಇನ್ನೂ ಏರಬಹುದು. ಅಂಥವರಿಗೆ ಬೈಪಾಸ್ ವಾಸಿ. ಇದು ಒಳಗೆ ಕ್ಯಾಮೆರಾ ಬಿಟ್ಟು ನೋಡಿದರೆ ತಾನೇ ಗೊತ್ತಾಗೋದು?

ಹಾಗೇ ಗೊರಕೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ (ಸ್ಲೀಪ್ ಆಪ್ನಿಯಾ) ಇದ್ದರೆ ಅರಿವಳಿಕೆ ಕೊಡುವುದೇ ಅಪಾಯ. ಮೊದಲು ಸ್ಲೀಪ್ ಸ್ಟಡಿ ಮಾಡಿಸಿ. ಥೈರಾಯ್ಡ್, ಕಾರ್ಟಿಸಾಲ್ ನೋಡಬೇಕು, ಹಾರ್ಮೋನಿನ ಕಾಯಿಲೆಯಿಂದಲೇ ತೂಕ ಏರಿದ್ದರೆ ಮೊದಲು ಅದಕ್ಕೆ ಔಷಧಿ. ಹೊಟ್ಟೆ ಸ್ಕ್ಯಾನಿಂಗ್, ಹೃದಯದ ಎಕೋ, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ. ಆಮೇಲೆ ಡಯಟಿಷಿಯನ್, ಮನೋವೈದ್ಯರು. ಎಲ್ಲರೂ ನೋಡಿದ ಮೇಲೆ ಒಟ್ಟಿಗೆ ಕೂತು ಹೇಳುವ ಮಾತು ಅದು.

ಸರಸ್ವತಿಪುರಂ ಅಕ್ಕ

ತಂಗಿ, ನಿನ್ನ ಬಸ್ಸಿನ ಮಾತು ಓದಿ ನನ್ನ ಕಣ್ಣೂ ತುಂಬಿತು. ನನಗೆ ಬೈಪಾಸ್ ಆಗಿ ಆರು ವರ್ಷ. ಆಗ 112 ಕೆಜಿ ಇದ್ದೆ. ಒಂದೂವರೆ ವರ್ಷಕ್ಕೆ 71ಕ್ಕೆ ಬಂದೆ. ಈಗ 79. ಹೌದು, ಎಂಟು ಕೆಜಿ ವಾಪಸ್ ಬಂದಿದೆ. ಅದನ್ನು ಮುಚ್ಚಿಟ್ಟು ಹೇಳಿದರೆ ನಿನಗೆ ಅನ್ಯಾಯ ಮಾಡಿದ ಹಾಗೆ.

ಇನ್ಸುಲಿನ್ ಬಿಟ್ಟೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಮೊದಲ ಸಲ ನಂದಿ ಮುಂದೆ ನಿಂತಾಗ ಕಾಲು ನಡುಗುತ್ತಿತ್ತು, ಆದರೆ ಉಸಿರು ಇತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಮೂರನೇ ವರ್ಷ ಚೆನ್ನಾಗಿದ್ದೀನಲ್ಲ ಅಂತ ಬಿ12, ಕಬ್ಬಿಣದ ಮಾತ್ರೆ ನಿಲ್ಲಿಸಿದೆ. ಚೆಕಪ್‌ಗೂ ಹೋಗಲಿಲ್ಲ. ಪಾದ ಜೋಮು ಹಿಡಿಯಲು ಶುರು ಆಯಿತು. ಮರೆವು. ತಲೆಕೂದಲು ಬಾಚಣಿಗೆ ತುಂಬ. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ತಗೊಂಡು ಸರಿಯಾಗಲು ಎಂಟು ತಿಂಗಳು ಬೇಕಾಯಿತು. ಪಾದದ ಜೋಮು ಪೂರ್ತಿ ಹೋಗಿಲ್ಲ.

ಅದಕ್ಕೇ ನನ್ನ ಕೇಳಿದರೆ, ಯಾರು ತಕ್ಕವರು ಅಂದರೆ ಹತ್ತು ವರ್ಷ ಆದ ಮೇಲೂ ಬೆಳಗ್ಗೆ ಎದ್ದು ಆ ಮಾತ್ರೆ ನುಂಗುವವರು. ನೀನು ನಾಲ್ಕು ವರ್ಷದಿಂದ ಶುಗರ್ ಮಾತ್ರೆ ತಪ್ಪದೆ ತಗೊಂಡಿದ್ದೀಯಾ? ಮೊದಲು ಅದನ್ನ ಪ್ರಾಮಾಣಿಕವಾಗಿ ಹೇಳು.

ಮಂಡ್ಯ ಟೀಚರ್

ಅಕ್ಕ, ಪರೀಕ್ಷೆ ಸಮಯದಲ್ಲಿ, ಹಬ್ಬದಲ್ಲಿ ತಪ್ಪಿಸಿದ್ದೇನೆ. ವಾರಕ್ಕೆ ಎರಡು ದಿನ ಆದರೂ ತಪ್ಪುತ್ತದೆ. ಹೇಳಲು ನಾಚಿಕೆ ಆಗುತ್ತೆ.

ಕುಕ್ಕರಹಳ್ಳಿ ವಾಕರ್

ನನ್ನ ಮಾತು ತಪ್ಪು ತಿಳಿಯಬೇಡಿ. ನಾನು ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ಎರಡು ಸುತ್ತು ಹಾಕಿ, ರಾತ್ರಿ ಊಟ ಏಳು ಗಂಟೆಗೆ ಮುಗಿಸಿ, ಒಂದು ವರ್ಷದಲ್ಲಿ 13 ಕೆಜಿ ಇಳಿಸಿದೆ. 86 ಇದ್ದೆ, 73 ಆದೆ. ನಾಲ್ಕು ವರ್ಷದಿಂದ ಹಾಗೇ ಇದೆ. ಕತ್ತರಿ ಹಾಕಿಸಿಕೊಳ್ಳುವ ಮುಂಚೆ ಇನ್ನೊಂದು ವರ್ಷ ಮನಸ್ಸು ಮಾಡಿ ನೋಡಬಾರದಾ?

ಮೈಸೂರು ಸರ್ಜನ್

ಸರ್, ನೀವು ಮಾಡಿದ್ದು ದೊಡ್ಡ ಸಾಧನೆ. ನಿಮ್ಮಂಥವರಿಗೆ ಆಪರೇಷನ್ ಬೇಕೇ ಇರಲಿಲ್ಲ. ಆದರೆ ಅವರು ಇಳಿಸಬೇಕಾದ್ದು 13 ಅಲ್ಲ, ಮೂವತ್ತರ ಹತ್ತಿರ. ಅಷ್ಟು ತೂಕ ಇಳಿದಾಗ ಮೈ ಸುಮ್ನೆ ಕೂರುವುದಿಲ್ಲ. ಹಸಿವಿನ ಹಾರ್ಮೋನು ಏರುತ್ತದೆ, ಮೈ ಉರಿಸುವ ಶಕ್ತಿ ಕಮ್ಮಿ ಮಾಡಿಕೊಳ್ಳುತ್ತದೆ. ಹಳೇ ತೂಕಕ್ಕೆ ಎಳೆದುಕೊಂಡು ಹೋಗುತ್ತದೆ. ಎರಡು ಸಲ ಇಳಿಸಿ ಎರಡು ಸಲ ಏರಿದ್ದು ಮನಸ್ಸಿನ ದೌರ್ಬಲ್ಯ ಅಲ್ಲ. ಸ್ಲೀವ್‌ನಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಜಾಸ್ತಿ ತಯಾರಾಗುವ ಭಾಗವೇ ಹೊರಗೆ ಹೋಗುತ್ತದೆ. ಚೀಲ ಚಿಕ್ಕದಾಗುವುದು ಒಂದು ಕಡೆಯಾದರೆ, ಈ ಹಾರ್ಮೋನುಗಳು ಬದಲಾಗುವುದು ಇನ್ನೊಂದು ಕಡೆ. ಸ್ವೀಡನ್‌ನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಜಾಸ್ತಿ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದರು. ಆಪರೇಷನ್ ಆದವರಲ್ಲಿ ತೂಕ ಇಳಿದೇ ಉಳಿಯಿತು, ಸಾವೂ ಕಮ್ಮಿ ಆಯಿತು. ಆಪರೇಷನ್ ಆಗದವರ ತೂಕ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ಟೀಚರ್ ಅಮ್ಮ, ನಾಚಿಕೆ ಬೇಡ. ಮಾತ್ರೆ ತಪ್ಪಿಸಿದ್ದೇನೆ ಅಂತ ಹೇಳಿದವರಿಗೆ ನಾವು ದಾರಿ ಹುಡುಕಬಹುದು. ತಪ್ಪಿಸೇ ಇಲ್ಲ ಅಂತ ಸುಳ್ಳು ಹೇಳಿದವರಿಗೆ ಏನು ಮಾಡೋದು?

ಡಯಟ್ ಮೇಡಂ

ನಾನು ಮೈಸೂರಿನಲ್ಲಿ ಡಯಟಿಷಿಯನ್. ಈ ಆಪರೇಷನ್‌ಗೆ ಬರುವವರನ್ನು ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಮೊದಲ ಭೇಟಿಯಲ್ಲಿ ನಾನು ಕೇಳುವುದು ಏನು ತಿನ್ನುತ್ತೀರಿ ಅಂತ ಅಲ್ಲ. ನಿಮ್ಮ ಮನೆಯಲ್ಲಿ ಒಲೆ ಹಚ್ಚೋರು ಯಾರು ಅಂತ.

ಮಂಡ್ಯ ಕಡೆ ಮನೆಗಳಲ್ಲಿ ಅಡುಗೆ ಅತ್ತೆ ಕೈಯಲ್ಲಿ ಇರುತ್ತದೆ, ಇಲ್ಲ ಅಮ್ಮನ ಕೈಯಲ್ಲಿ. ಅವರನ್ನು ಬಿಟ್ಟು ಬರೀ ಸೊಸೆಗೆ ಪಟ್ಟಿ ಬರೆದು ಕೊಟ್ಟರೆ ಆ ಕಾಗದ ಫ್ರಿಜ್ ಮೇಲೆ ಅಂಟಿಕೊಂಡು ಕೂರುತ್ತದೆ. ಆಪರೇಷನ್ ಆದ ಎರಡು ವಾರ ನೀರಾದ ಆಹಾರ, ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಆಗ ಯಾರಾದರೂ "ಪಾಪ, ಸೊರಗಿ ಹೋದಳು, ಒಂದು ಸಣ್ಣ ಮುದ್ದೆ ಉಣ್ಣಲಿ" ಅಂತ ಬಡಿಸಿದರೆ ನೇರ ವಾಂತಿ. ಮುದ್ದೆ ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹೊಸ ಹೊಟ್ಟೆಗೆ ನುಂಗಿದ ತುತ್ತು ಸೇರುವುದಿಲ್ಲ. ಇಪ್ಪತ್ತು ಸಲ ಅಗಿದು ತಿನ್ನೋದನ್ನು ಮುದ್ದೆ ಊರಿನವರು ಹೊಸದಾಗಿ ಕಲಿಯಬೇಕು. ಇದು ಚಿಕ್ಕ ಮಾತು ಅನ್ನಿಸಬಹುದು. ಆದರೆ ನನ್ನ ಹತ್ತಿರ ಅಳುತ್ತಾ ಬಂದವರಲ್ಲಿ ಇದೇ ಕಾರಣಕ್ಕೆ ಬಂದವರು ಜಾಸ್ತಿ.

ಪದೇಪದೇ ವಾಂತಿ ಆದರೆ ಮನೆಯಲ್ಲಿ ಕೂರಬಾರದು. ಬಿ1 ಅನ್ನೋ ವಿಟಮಿನ್ ಕೆಲವೇ ವಾರದಲ್ಲಿ ಖಾಲಿ ಆಗಿ ನರಕ್ಕೆ, ಮೆದುಳಿಗೆ ಪೆಟ್ಟು ಬೀಳುತ್ತದೆ. ತಕ್ಷಣ ಆಸ್ಪತ್ರೆಗೆ ಬರಬೇಕು. ಹಾಗೆ ಬರಲು ಗಾಡಿ, ದುಡ್ಡು, ಜೊತೆಗೆ ಒಬ್ಬರು ಇದ್ದಾರಾ? ಇದೂ ನಾನು ಕೇಳುವ ಪ್ರಶ್ನೆ.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ನಮ್ಮ ತಟ್ಟೆಯಲ್ಲಿ ಮುದ್ದೆ, ಅನ್ನ ಜಾಸ್ತಿ, ಕಾಳು ಕಮ್ಮಿ. ಬಸ್ಸಾರು ಮಾಡಿದಾಗ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ. ಆಪರೇಷನ್ ಆದವರು ಮೊದಲು ಆ ಪಲ್ಯ ತಿನ್ನಬೇಕು, ಆಮೇಲೆ ಜಾಗ ಇದ್ದರೆ ಮುದ್ದೆ. ಮೊಟ್ಟೆ, ಮೀನು, ಕೋಳಿ ತಿನ್ನುವ ಮನೆಗೆ ಸುಲಭ. ತಿನ್ನದವರಿಗೆ ಮೊಸರು, ಪನೀರ್, ಸೋಯಾ, ಹೆಸರುಕಾಳು, ಜೊತೆಗೆ ಪ್ರೋಟೀನ್ ಪುಡಿ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಬೈಪಾಸ್ ಆದವರು ಒಂದು ಲೋಟ ಕಬ್ಬಿನ ಹಾಲು ಕುಡಿದರೆ ಎದೆ ಡವಡವ, ಬೆವರು, ತಲೆಸುತ್ತು, ಭೇದಿ ಆಗಬಹುದು. ಸಕ್ಕರೆ ನಾಡಿನಲ್ಲಿ ಆಲೆಮನೆ ಮುಂದೆ ನಿಂತು ಬೇಡ ಅನ್ನೋದು ಕಷ್ಟ ಅಂತ ನನಗೂ ಗೊತ್ತು.

ಟೀಚರ್, ಮುಂದಿನ ಸಲ ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಮದ್ದೂರು ಅಣ್ಣ

ನನ್ನ ಕತೆ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. 172 ಸೆಂಟಿಮೀಟರ್, 121 ಕೆಜಿ ಇದ್ದೆ. ಬಿಪಿ, ಫ್ಯಾಟಿ ಲಿವರ್. ಆಪರೇಷನ್‌ಗೆ ಎಲ್ಲ ಸರಿ ಅಂದುಕೊಂಡಿದ್ದೆ. ಮನೋವೈದ್ಯರ ಹತ್ತಿರ ಕಳಿಸಿದರು. ಅವರು ಕುಡಿಯುತ್ತೀರಾ ಅಂದರು. ಅಪರೂಪಕ್ಕೆ ಅಂದೆ. ಆಮೇಲೆ ನನ್ನ ಹೆಂಡತಿಯನ್ನು ಒಬ್ಬಳನ್ನೇ ಕೂರಿಸಿ ಕೇಳಿದರು. ಅವಳು ಸತ್ಯ ಹೇಳಿದಳು. ದಿನಾ ಕುಡಿಯುತ್ತಿದ್ದೆ.

"ಈಗ ಬೇಡ" ಅಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದುಡ್ಡು ನಾನು ಕೊಡುತ್ತೇನೆ, ನನ್ನ ಮೈ, ಇವರಿಗೇನು ಅಂತ. ಹೆಂಡತಿ ಜೊತೆ ಒಂದು ವಾರ ಮಾತಾಡಲಿಲ್ಲ. ಆಮೇಲೆ ಡಾಕ್ಟರೇ ಫೋನ್ ಮಾಡಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ಆಪರೇಷನ್ ಆದ ಹೊಟ್ಟೆಯಲ್ಲಿ ಹೆಂಡ ನಿಲ್ಲುವುದಿಲ್ಲ, ಸರ್ರಂತ ರಕ್ತಕ್ಕೆ ಏರುತ್ತದೆ. ಮುಂಚೆ ನಾಲ್ಕು ಪೆಗ್ಗಿಗೆ ಏರುತ್ತಿದ್ದದ್ದು ಈಗ ಒಂದೂವರೆಗೆ ಏರುತ್ತದೆ, ಇಳಿಯಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಊಟದಲ್ಲಿ ಸಿಗುತ್ತಿದ್ದ ಸಮಾಧಾನ ಹೋದ ಮೇಲೆ ಕೆಲವರು ಬಾಟಲಿ ಹಿಡಿಯುತ್ತಾರೆ. ಮುಂಚೆಯೇ ಹಿಡಿದವನ ಗತಿ ಏನು?

"ನಿಮಗೆ ಆಗಲ್ಲ ಅಂತ ನಾವು ಹೇಳಿಲ್ಲ, ಈಗ ಬೇಡ ಅಂದಿದ್ದೇವೆ" ಅಂದರು. ಆ ಒಂದು ಮಾತು ನನ್ನ ಹಿಡಿದು ನಿಲ್ಲಿಸಿತು. ಬಿಡಿಸುವ ಚಿಕಿತ್ಸೆ ತಗೊಂಡೆ. ಬೀಡಿಯನ್ನೂ ಬಿಟ್ಟೆ, ಹೊಗೆಯಿಂದ ಹೊಲಿಗೆ ಕೂಡುವುದಿಲ್ಲ, ಹುಣ್ಣು ಆಗುತ್ತದೆ ಅಂದಿದ್ದರು. ಒಂದು ವರ್ಷ ಕಾದೆ. ಆಮೇಲೆ ಸ್ಲೀವ್ ಆಯಿತು. ಎರಡು ವರ್ಷ ಆಗಿದೆ, 84 ಕೆಜಿ ಇದ್ದೇನೆ. ಬೀಗರೂಟಕ್ಕೆ ಕರೆದರೆ ಹೋಗುತ್ತೇನೆ, ಎರಡು ತುಂಡು ತಿಂದು ಎದ್ದು ಬರುತ್ತೇನೆ. ಆ ವರ್ಷ ಕಾಯದೆ ಮಾಡಿಸಿಕೊಂಡಿದ್ದರೆ ನಾನು ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ. ಹೆಂಡತಿಗೆ ಕೈ ಮುಗಿದಿದ್ದೇನೆ.

ಕುವೆಂಪುನಗರ ಅಮ್ಮ

ನನ್ನ ಮಗಳಿಗೆ 25. ಎತ್ತರ 158, ತೂಕ 74. ಶುಗರ್, ಬಿಪಿ ಏನೂ ಇಲ್ಲ. ಎರಡು ಕಡೆಯವರು ಬಂದು ನೋಡಿ ದಪ್ಪ ಅಂತ ಬೇಡ ಅಂದರು. ಬರುವ ಮಾಘ ಮಾಸದೊಳಗೆ ಮದುವೆ ಮಾಡಬೇಕು. ಆಪರೇಷನ್ ಮಾಡಿಸಿದರೆ ಬೇಗ ಇಳಿಯುತ್ತಾಳಾ?

ಸರಸ್ವತಿಪುರಂ ಅಕ್ಕ

ಅಮ್ಮ, ನಾನೂ ಒಬ್ಬ ಮಗಳ ತಾಯಿ. ದಯವಿಟ್ಟು ಮಾಡಿಸಬೇಡಿ. ಅವಳ ಲೆಕ್ಕ 29.6 ಬರುತ್ತದೆ, ಕಾಯಿಲೆಯೂ ಇಲ್ಲ. ನೋಡಲು ಬಂದವರ ಒಂದು ಮಾತಿಗೆ ಆ ಮಗು ಜೀವನ ಪೂರ್ತಿ ಮಾತ್ರೆ ನುಂಗಬೇಕಾ? ನನ್ನ ಪಾದ ಇವತ್ತಿಗೂ ಜೋಮು ಹಿಡಿಯುತ್ತದೆ. ಅವಳಿಗೆ ಏನು ಬೇಕು ಅಂತ ಅವಳನ್ನೇ ಕೇಳಿದ್ದೀರಾ?

ಮೈಸೂರು ಸರ್ಜನ್

ಅಕ್ಕ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಹೇಳಿದ 27.5 ದಾಟಿದ್ದರೂ ಅಂಕಿ ಒಂದೇ ಸಾಲದು. ಮದುವೆ ದಿನ ಗೊತ್ತು ಮಾಡಿ ಅದಕ್ಕೆ ಮುಂಚೆ ಅಂತ ಬರುವವರನ್ನು ನಾವು ಮುಂದೂಡುತ್ತೇವೆ. ಆಪರೇಷನ್ ಕಾಯಿಲೆಗೆ, ಫೋಟೋಗೆ ಅಲ್ಲ. ಮುಟ್ಟು ಸರಿ ಇಲ್ಲದಿದ್ದರೆ, ಶುಗರ್ ಅಂಚಿನಲ್ಲಿದ್ದರೆ ಮೊದಲು ಫಿಸಿಷಿಯನ್‌ಗೆ ತೋರಿಸಿ.

ಇನ್ಶೂರೆನ್ಸ್ ಕೆಲಸದವನು

ಟೀಚರ್ ಮೇಡಂ, ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಡಾಕ್ಟರ್ ಗೆರೆ ಬೇರೆ, ವಿಮೆ ಗೆರೆ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗೂ ಒಂದೇ ತರದ ವಾಕ್ಯ ಕೊಟ್ಟಿದೆ. ಡಾಕ್ಟರ್ ಸಲಹೆ ಇರಬೇಕು, 18 ವರ್ಷ ತುಂಬಿರಬೇಕು, ಬಿಎಂಐ 40 ಇರಬೇಕು. 40 ಇಲ್ಲದಿದ್ದರೆ 35 ಇದ್ದು, ಬೇರೆ ದಾರಿ ನೋಡಿ ಸೋತಿದ್ದು, ಜೊತೆಗೆ ದಪ್ಪದಿಂದ ಬಂದ ಹೃದಯದ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಶುಗರ್, ಇವುಗಳಲ್ಲಿ ಒಂದಿರಬೇಕು. ನಿಮಗೆ 37.8. ಹಾಗಾಗಿ ಸ್ಲೀಪ್ ಸ್ಟಡಿ ವರದಿ, ಹಳೇ ಶುಗರ್ ವರದಿ, ಹಿಂದೆ ಡಯಟ್ ಮಾಡಿದ ಚೀಟಿ ಎಲ್ಲ ಜೋಪಾನ ಮಾಡಿ. ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟು ಅಂತ ಓದಿ. ಶುಗರ್ ಇದೆ ಅಂತ ಮುಂಚೆಯೇ ಹೇಳಿದ್ದೀರಾ ನೋಡಿಕೊಳ್ಳಿ, ಮುಚ್ಚಿಟ್ಟಿದ್ದರೆ ಕ್ಲೇಮ್ ಹೋಗುತ್ತದೆ.

ಪಾಂಡವಪುರದ ಮಗಳು

ನನ್ನ ಅಮ್ಮನಿಗೆ 68. ಎತ್ತರ 150, ತೂಕ 84. ಮಂಡಿ ಸವೆದಿದೆ. ಇಪ್ಪತ್ತೆರಡು ವರ್ಷದ ಶುಗರ್. ನಾನೇ ಹಟ ಮಾಡಿ ಆಪರೇಷನ್‌ಗೆ ಕರೆದುಕೊಂಡು ಹೋಗಿದ್ದೆ. ವಯಸ್ಸಾಯಿತು ಅಂತ ಬೇಡ ಅಂತಾರೇನೋ ಅಂದುಕೊಂಡಿದ್ದೆ. ಅವರು ವಯಸ್ಸು ಒಂದೇ ನೋಡುವುದಿಲ್ಲ ಅಂದರು. ಅಮ್ಮನ್ನ ಕುರ್ಚಿಯಿಂದ ಕೈ ಊರದೆ ಎದ್ದೇಳಿ ಅಂದರು, ಆಗಲಿಲ್ಲ. ಕೈ ಹಿಸುಕಿಸಿ ಬಲ ನೋಡಿದರು. ಮೈಯಲ್ಲಿ ಕೊಬ್ಬು ಇದೆ, ಆದರೆ ಸ್ನಾಯು ಇಲ್ಲ, ಈಗ ಬೇಗ ತೂಕ ಇಳಿದರೆ ಹಾಸಿಗೆ ಹಿಡಿಯುತ್ತಾರೆ ಅಂದರು. ಸಿ-ಪೆಪ್ಟೈಡ್ ಅನ್ನೋ ಪರೀಕ್ಷೆ ಮಾಡಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉಳಿದೇ ಇಲ್ಲ, ಆಪರೇಷನ್ ಮಾಡಿದರೂ ಶುಗರ್ ಬಿಡುವ ಆಸೆ ಕಮ್ಮಿ ಅಂತಲೂ ಹೇಳಿದರು. ಅಮ್ಮ ಊರಲ್ಲಿ ಒಬ್ಬರೇ ಇರುತ್ತಾರೆ, ನಾನು ಮೈಸೂರಲ್ಲಿ. ಅದನ್ನೂ ಕೇಳಿ ಬರೆದುಕೊಂಡರು.

ವಾಪಸ್ ಬರುವಾಗ ಅಮ್ಮ "ನನಗೆ ಸಮಾಧಾನ ಆಯಿತು ಕಣೆ" ಅಂದರು. ಅವರಿಗೆ ಬೇಕಾಗೇ ಇರಲಿಲ್ಲ. ನನಗೋಸ್ಕರ ಬಂದಿದ್ದರು. ಈಗ ಫಿಸಿಯೋಥೆರಪಿ, ಊಟದಲ್ಲಿ ಬದಲಾವಣೆ ಮಾಡಿ 6 ಕೆಜಿ ಇಳಿದಿದ್ದಾರೆ. ಚುಚ್ಚಿಕೊಳ್ಳುವ ಇನ್ಸುಲಿನ್ ಡೋಸ್ ಕಮ್ಮಿ ಆಗಿದೆ. ಮನೆ ಮುಂದಿನ ಮೆಟ್ಟಿಲು ಇಳಿದು ಹೂವು ಕಿತ್ತು ತರುತ್ತಾರೆ.

ಕುಕ್ಕರಹಳ್ಳಿ ವಾಕರ್

ಇದೆಲ್ಲ ಓದಿ ನನ್ನ ಮಾತು ಸ್ವಲ್ಪ ಆತುರದ್ದಾಯಿತು ಅನ್ನಿಸಿತು. ಟೀಚರ್, ಕ್ಷಮಿಸಿ. ಒಂದು ಕೇಳಬೇಕು. ಈಗ ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಅದು ಸಾಲದಾ?

ಮೈಸೂರು ಸರ್ಜನ್

2025ರಲ್ಲಿ ಮಾರ್ಚ್‌ಗೆ ಟಿರ್ಜೆಪಟೈಡ್, ಜೂನ್‌ಗೆ ತೂಕ ಇಳಿಸುವ ಡೋಸಿನ ಸೆಮಾಗ್ಲುಟೈಡ್ ನಮ್ಮ ದೇಶಕ್ಕೆ ಬಂದವು. ಒಳ್ಳೆಯ ಔಷಧಿಗಳೇ. ಬಿಎಂಐ 30ರ ಆಸುಪಾಸಿನವರಿಗೆ, ಆಪರೇಷನ್ ತಡೆದುಕೊಳ್ಳಲಾರದವರಿಗೆ, ಬೇಡ ಅನ್ನುವವರಿಗೆ ಒಂದು ದಾರಿ ಸಿಕ್ಕಿದೆ. ನಿಲ್ಲಿಸಿದರೆ ತೂಕ ಬಹುಪಾಲು ವಾಪಸ್ ಬರುತ್ತದೆ. ಹಾಗಾಗಿ ಎಷ್ಟು ವರ್ಷ ದುಡ್ಡು ಹಾಕಬಲ್ಲಿರಿ ಅಂತ ಮೊದಲೇ ಲೆಕ್ಕ ಹಾಕಿ. ಮಗು ಬೇಕು ಅನ್ನುವವರು ಬಸಿರಾಗುವ ಮುಂಚೆ ನಿಲ್ಲಿಸಬೇಕು, ಸೆಮಾಗ್ಲುಟೈಡ್ ಆದರೆ ಎರಡು ತಿಂಗಳು ಮುಂಚೆ.

ಕೆ.ಆರ್. ಪೇಟೆ ಅಪ್ಪ

ಸರ್, ನನ್ನ ಮಗನಿಗೆ 16. 171 ಸೆಂಟಿಮೀಟರ್, 128 ಕೆಜಿ. ಶಾಲೆಗೆ ಹೋಗಲ್ಲ ಅಂತಾನೆ. ಮಕ್ಕಳಿಗೆ ಮಾಡುತ್ತಾರಾ?

ಮೈಸೂರು ಸರ್ಜನ್

ಮಾಡುತ್ತಾರೆ, ಆದರೆ ಎಲ್ಲರಿಗೂ ಅಲ್ಲ. ಅವನದು 43 ದಾಟಿದೆ, ಸಣ್ಣ ವಿಷಯ ಅಲ್ಲ. ಮೊದಲು ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ, ಹುಟ್ಟಿನಿಂದ ಬಂದ ಕಾರಣ ಏನಾದರೂ ಇದೆಯಾ ನೋಡಲಿ. ಆಮೇಲೆ ನೀವು ಹೊರಗೆ ಕೂತು, ಹುಡುಗನ ಜೊತೆ ಡಾಕ್ಟರ್ ಒಬ್ಬರೇ ಮಾತಾಡಲು ಬಿಡಿ. ಅಪ್ಪ ಅಮ್ಮನ ಸಹಿ ಸಾಲದು, ಅವನಿಗೂ ಬೇಕು ಅನ್ನಿಸಬೇಕು. ಶಾಲೆಯಲ್ಲಿ ಯಾರಾದರೂ ಗೋಳು ಹಾಕಿಕೊಳ್ಳುತ್ತಿದ್ದಾರಾ ಅಂತ ಇವತ್ತೇ ಕೇಳಿ. ಅದಕ್ಕೆ ಯಾವ ಆಪರೇಷನ್ನಿಗೂ ಕಾಯಬೇಕಾಗಿಲ್ಲ.

ಮಂಡ್ಯ ಟೀಚರ್

ಐದು ವಾರ ಆಯಿತು, ಬರೆಯಲು ಆಗಿರಲಿಲ್ಲ. ಮೂರನೆಯ ಕಡೆ ಹೋದೆ. ಅಲ್ಲಿ ಎಲ್ಲ ಪರೀಕ್ಷೆ ಮಾಡಿದರು. ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ 38 ಸಲ ಉಸಿರು ತಡೆಯುತ್ತಿದೆ ಅಂತ ಬಂತು, 30 ದಾಟಿದರೆ ತೀವ್ರ ಅಂತೆ. ಮೂಗಿಗೆ ಹಾಕುವ ಸಿಪ್ಯಾಪ್ ಮೆಷಿನ್ ಕೊಟ್ಟಿದ್ದಾರೆ. ಹತ್ತು ದಿನಕ್ಕೇ ಬೆಳಗ್ಗೆ ತಲೆನೋವು ಹೋಯಿತು. ಮಗಳು ವಾಪಸ್ ನನ್ನ ಹತ್ತಿರ ಮಲಗುತ್ತಿದ್ದಾಳೆ.

ಎಂಡೋಸ್ಕೋಪಿಯಲ್ಲಿ ಹಯಾಟಸ್ ಹರ್ನಿಯಾ (ಹೊಟ್ಟೆಚೀಲದ ಮೇಲ್ಭಾಗ ಎದೆಯ ಕಡೆ ಜಾರಿರುವುದು) ಇದೆ, ಅನ್ನನಾಳದ ತುದಿ ಹುಳಿಯಿಂದ ಕೆಂಪಾಗಿದೆ ಅಂದರು. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು, 14 ದಿನ ಮಾತ್ರೆ ಕೊಟ್ಟರು. ನನಗೆ ಎದೆಯುರಿ ಇದೆ ಅಂತಲೇ ಗೊತ್ತಿರಲಿಲ್ಲ, ಕಾಫಿಯಿಂದ ಆಗುತ್ತೆ ಅಂದುಕೊಂಡಿದ್ದೆ. ಆ ಮೊದಲನೇ ಕಡೆ ಮುಂದಿನ ವಾರವೇ ಸ್ಲೀವ್ ಮಾಡಿಸಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಮೈ ಜುಂ ಅನ್ನುತ್ತದೆ. ನನಗೆ ಬೈಪಾಸ್ ಸರಿ ಅಂತ ಹೇಳಿದ್ದಾರೆ.

ಮೂರು ತಿಂಗಳ ಸರಾಸರಿ ಶುಗರ್ 8ರ ಕೆಳಗೆ ತರಬೇಕು ಅಂದಿದ್ದಾರೆ. ಅಕ್ಕ ಹೇಳಿದ ಮಾತು ಮನಸ್ಸಿನಲ್ಲಿ ಕೂತಿತ್ತು. ಮಾತ್ರೆ ಡಬ್ಬಿಯನ್ನು ಈಗ ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ. ದೀಪ ಹಚ್ಚಿದ ತಕ್ಷಣ ನುಂಗುತ್ತೇನೆ. ಐದು ವಾರದಲ್ಲಿ ಒಂದು ದಿನವೂ ತಪ್ಪಿಲ್ಲ.

ಮಗು ವಿಷಯ ಕೇಳಬೇಕು. ಆಪರೇಷನ್ ಮುಂಚೆ ಒಂದು ಮಗು ಆಗಲಿ, ಆಮೇಲೆ ಮಾಡಿಸು ಅಂತ ನಮ್ಮಮ್ಮ ಹೇಳುತ್ತಿದ್ದಾರೆ.

ಮೈಸೂರು ಸರ್ಜನ್

ಶುಗರ್ 9 ಇರುವಾಗ ಬಸಿರಾಗುವುದು ಮಗುವಿಗೆ ಒಳ್ಳೆಯದಲ್ಲ. ಮೊದಲ ಎರಡು ತಿಂಗಳಲ್ಲೇ ಹೃದಯ, ಬೆನ್ನುಹುರಿ ರೂಪ ಪಡೆಯುತ್ತವೆ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಕಾಯಬೇಕು, ಆ ಸಮಯದಲ್ಲಿ ಮೈ ವೇಗವಾಗಿ ಕರಗುತ್ತಿರುತ್ತದೆ, ಮಗುವಿಗೆ ಕೊಡಲು ಪೋಷಣೆ ಇರುವುದಿಲ್ಲ. ಈ ವರ್ಷ ಆದರೆ 36ಕ್ಕೆ ಪ್ರಯತ್ನ ಮಾಡಬಹುದು.

ಒಂದು ಎಚ್ಚರ. ತೂಕ ಇಳಿದರೆ ಪಿಸಿಒಡಿ ಇದ್ದವರಿಗೆ ಮುಟ್ಟು ಸರಿಹೋಗಿ, ಎಣಿಸದೆ ಬಸಿರು ನಿಲ್ಲುವುದು ಉಂಟು. ಬೈಪಾಸ್ ಆದ ಮೇಲೆ ಗರ್ಭ ತಡೆಯುವ ಮಾತ್ರೆಯನ್ನು ನಂಬುವ ಹಾಗಿಲ್ಲ, ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಪರ್-ಟಿ ಬಗ್ಗೆ ನಿಮ್ಮ ಹೆರಿಗೆ ಡಾಕ್ಟರ್ ಹತ್ತಿರ ಮಾತಾಡಿ. ಪಿಸಿಒಡಿಗೆ ಈಗ ತಗೊಳ್ಳುತ್ತಿರುವುದು ಹಾರ್ಮೋನ್ ಮಾತ್ರೆ ಆಗಿದ್ದರೆ ಸರ್ಜನ್‌ಗೆ ತಪ್ಪದೆ ತಿಳಿಸಿ. ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ಅದಕ್ಕೆ ಕೆಲವು ವಾರ ಮುಂಚೆಯೇ ನಿಲ್ಲಿಸುತ್ತಾರೆ. ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಇದ್ದರೆ ಅದೂ ಬಿಡಬೇಕು. ಬೈಪಾಸ್ ಹೊಲಿಗೆ ಮೇಲೆ ಹುಣ್ಣು ಮಾಡುತ್ತದೆ.

ಮಂಡ್ಯ ಟೀಚರ್

ಸರ್, ಇದನ್ನು ಯಜಮಾನರಿಗೂ ಅಮ್ಮನಿಗೂ ಓದಿ ಹೇಳಿದೆ. ಇಬ್ಬರೂ ಒಪ್ಪಿದರು.

ನಿನ್ನೆ ಡಯಟಿಷಿಯನ್ ಹತ್ತಿರ ಅತ್ತೆಯೂ ಬಂದಿದ್ದರು. ಮೊದಲು ಮುಖ ಗಂಟು ಹಾಕಿಕೊಂಡೇ ಕೂತಿದ್ದರು. ಮುದ್ದೆ ಮಾತು ಬಂದಾಗ ಬಾಯಿ ಬಿಟ್ಟರು. ಎಷ್ಟು ದಿನ ಕೊಡಬಾರದು, ಅಂಬಲಿ ಕೊಡಬಹುದಾ, ಸೊಪ್ಪು ಯಾವಾಗ, ಎಲ್ಲ ಅವರೇ ಕೇಳಿದರು. ಆಪರೇಷನ್ ಮುಂಚೆ ಎರಡು ವಾರ ಅನ್ನ, ಮುದ್ದೆ ಕಮ್ಮಿ ಮಾಡಿದರೆ ಲಿವರ್ ಕುಗ್ಗುತ್ತದೆ, ಡಾಕ್ಟರಿಗೆ ಕೆಲಸ ಸುಲಭ ಆಗುತ್ತದೆ ಅಂದಾಗ "ಹಾಗಾದರೆ ಮನೆಯವರೆಲ್ಲ ಹಾಗೇ ತಿನ್ನೋಣ" ಅಂದುಬಿಟ್ಟರು.

ಶುಗರ್ ಇಳಿದರೆ ಬೇಸಿಗೆ ರಜೆಯಲ್ಲಿ ದಿನ ಕೊಡುತ್ತಾರೆ. ಇಳಿಯದಿದ್ದರೆ ದಸರಾ ರಜೆಗೆ. ಕಾಯಲು ನನಗೆ ಬೇಜಾರಿಲ್ಲ. ಅಕ್ಕ, ಅತ್ತೆ ಒಂದು ಪ್ರಶ್ನೆ ಕಳಿಸಿದ್ದಾರೆ. ಮೊದಲ ಎರಡು ವಾರ ಹೆಸರುಬೇಳೆ ಕಟ್ಟು ಕೊಡಬಹುದು ಅಂದಿದ್ದಾರೆ. ಅದಕ್ಕೆ ಒಗ್ಗರಣೆ ಹಾಕಬಹುದಾ ಅಂತ?

ಸರಸ್ವತಿಪುರಂ ಅಕ್ಕ

ಅತ್ತೆಗೆ ನನ್ನ ನಮಸ್ಕಾರ ಹೇಳು. ಒಗ್ಗರಣೆ ಬೇಡ, ಖಾರ ಬೇಡ. ಬೇಳೆ ಚೆನ್ನಾಗಿ ಬೆಂದ ಮೇಲೆ ಬಿಳಿ ಬಟ್ಟೆಯಲ್ಲಿ ಸೋಸಲಿ. ಉಪ್ಪು, ಚಿಟಿಕೆ ಜೀರಿಗೆ ಪುಡಿ ಸಾಕು. ಮಗಳ ಕೃಷ್ಣಜನ್ಮಾಷ್ಟಮಿ ಆಟದ ಸಾಮಾನಿನ ಪುಟ್ಟ ಲೋಟ ಇದ್ದರೆ ತೆಗೆದಿಡು. ನಾನು ಅದರಲ್ಲೇ ಗುಟುಕು ಗುಟುಕಾಗಿ ಕುಡಿದೆ. ಒಂದು ಲೋಟ ಮುಗಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು.